ಎರಡು ಕೊಲೆ, ನಾನಾಡಿದ ಒಂದು ಮಾತು

ನಮ್ಮ ಸೀಮೆಯಲ್ಲಿ ಇಬ್ಬರು ದೊಡ್ಡ ಮನುಷ್ಯರ ಕೊಲೆಯಾಯಿತು. ಒಬ್ಬರು ನಮ್ಮಜ್ಜಿಯ ಅಜ್ಜಿಯೂ ಕಂಡಿರದ ಕಾಲದ ದೊರೆ. ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡು ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಹುಕುಂ ನಡೆಸಿದವರು. ಇನ್ನೊಬ್ಬರು ನಾನು ಕಣ್ಣಾರೆ ಕಂಡು ಕೈಮುಗಿದಿದ್ದ ಯಜಮಾನರು. ಅವರ ಪ್ರಾಣ ಹೋಗುವಾಗ ತಲೆ ನನ್ನ ತೊಡೆಯ ಮೇಲಿತ್ತು. ಈ ಎರಡು ಸಾವನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ನಮ್ಮ ಕಡೆಯ ಜನಕ್ಕೆ ಒಂದು ಚಟ. ಕಟ್ಟೆಯ ಮೇಲೆ ಕೂತವರು, ಸಂತೆಗೆ ಹೊರಟವರು, ಕಂಬಳಿ ನೇಯುವವರು ಎಲ್ಲರೂ ಹೋಲಿಸಿದ್ದೇ ಹೋಲಿಸಿದ್ದು. ‘ಅವತ್ತೂ ನೀರು ಕೊಡೋನೇ, ಇವತ್ತೂ ನೀರು ಕೊಡೋನೇ’ ಎಂದು ತಲೆ ಅಲ್ಲಾಡಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ಅವರಿಗೇನು, ಇವತ್ತು ನೀರು ಕೊಟ್ಟು ಹೋದವನು ಅವರ ತಮ್ಮನಲ್ಲವಲ್ಲ. ನನ್ನ ತಮ್ಮ.

ನಾನೂ ಹೋಲಿಸಿದವಳೇ. ಎಲ್ಲರಿಗಿಂತ ಮೊದಲು ಹೋಲಿಸಿದವಳು ನಾನೇ. ಅದನ್ನು ಹೇಳಿಕೊಳ್ಳಲೆಂದೇ ನಲವತ್ತು ದಾಟಿದ ಮೇಲೆ ಮರಳಿನಲ್ಲಿ ಬೆರಳಿಟ್ಟು ಅಕ್ಷರ ಕಲಿತೆ. ಇನ್ನೊಬ್ಬರ ಕೈಯಲ್ಲಿ ಹೇಳಿ ಬರೆಸುವ ಸಹವಾಸ ನನಗೆ ಸಾಕಾಗಿತ್ತು. ಒಮ್ಮೆ ಹಾಗೆ ಬರೆಸಿ ಹೆಬ್ಬೆಟ್ಟು ಒತ್ತಿದ್ದರ ಫಲ ಏನಾಯಿತು ಅನ್ನುವುದೇ ಈ ಬರವಣಿಗೆ.

ಮೊದಲು ಹಳೆಯ ದೊರೆಯ ವಿಷಯ. ಅದನ್ನು ನನಗೆ ಹೇಳಿದವಳು ಅಜ್ಜಿ. ಅವ್ವ ನನ್ನ ತಮ್ಮನನ್ನು ಹೆತ್ತು ಹತ್ತೇ ದಿನಕ್ಕೆ ತೀರಿಕೊಂಡಳು. ಆಗ ನನಗೆ ಒಂಬತ್ತು ವರ್ಷ. ಕೂಸು ಅಳುವುದನ್ನು ನಿಲ್ಲಿಸಲಿ ಎಂದು ಅಜ್ಜಿ ರಾಗಿ ಬೀಸುತ್ತಾ ಕಥೆ ಹೇಳುವಳು, ನಾನು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೇಳುವೆ. ದೊರೆ ಕಾಳಗ ಗೆದ್ದು ಬಿಸಿಲಲ್ಲಿ ಬರುತ್ತಾನೆ. ಬಾಯಿ ಒಣಗಿದೆ. ಬಂಡೆಯ ನಡುವೆ ಮಳೆನೀರು ನಿಂತ ದೊಣೆಯ ಹತ್ತಿರ ಕುದುರೆ ಇಳಿದು ‘ನೀರು’ ಅನ್ನುತ್ತಾನೆ. ಹತ್ತು ವರ್ಷ ಜೊತೆಗಿದ್ದ ನೀರಿನಾಳು ಚೊಂಬಿನಿಂದ ಹುಯ್ಯುತ್ತಾನೆ. ದೊರೆ ಬಗ್ಗಿ, ಎರಡೂ ಕೈ ಸೇರಿಸಿ, ಬೊಗಸೆಯಲ್ಲಿ ಕುಡಿಯುತ್ತಾನೆ. ಕುಡಿಯುವವನ ಕೈ ಎರಡೂ ತುಂಬಿರುತ್ತವೆ, ಕಣ್ಣು ನೀರಿನಲ್ಲಿರುತ್ತದೆ, ಕುತ್ತಿಗೆ ಬಯಲಾಗಿರುತ್ತದೆ. ಆಳು ಪಕ್ಕಕ್ಕೆ ಸರಿದು ಮಚ್ಚು ಎತ್ತಿ ಹಿಂದಲೆಗೆ ಹೊಡೆದ. ಮರುದಿನ ದೊರೆಯ ತಮ್ಮ ಗದ್ದುಗೆ ಏರಿದ. ನೀರಿನಾಳಿನ ಇಡೀ ವಂಶವನ್ನು ಅದೇ ದೊಣೆಯ ಹತ್ತಿರ ಕಡಿದು ಹಾಕಿದರು.

ಇದಾದ ಮೇಲೆ ನಮ್ಮ ಕಡೆ ಒಂದು ಪದ್ಧತಿ ನಿಂತಿತು. ಯಾರಿಗಾದರೂ ಬೊಗಸೆಗೆ ನೀರು ಹುಯ್ಯುವಾಗ ಎದುರಿಗೇ ನಿಲ್ಲಬೇಕು. ಬಗ್ಗಿ ಕುಡಿಯುವವನಿಗೆ ಹುಯ್ಯುವವನ ಎರಡೂ ಪಾದ ಕಾಣುತ್ತಿರಬೇಕು. ಪಕ್ಕದಲ್ಲಿ ನಿಂತು ಹುಯ್ದರೆ ಹಿರಿಯರು ‘ಲೇ, ಕಾಲು ತೋರ್ಸಲೇ’ ಎಂದು ಗದರುತ್ತಿದ್ದರು. ಬೇರೆ ಸೀಮೆಯವರು ಇದನ್ನು ನೋಡಿ ನಗುತ್ತಾರೆ. ನಗಲಿ.

ನಾನು, ನನ್ನ ತಮ್ಮ ಅದನ್ನೇ ಆಟ ಆಡಿದ್ದೇವೆ. ಮೂರು ವರ್ಷದ ಪೋರ ಯಾವಾಗಲೂ ತಾನೇ ದೊರೆಯಾಗಬೇಕು ಅನ್ನುತ್ತಿದ್ದ. ಬಗ್ಗಿ ಬೊಗಸೆ ಒಡ್ಡುವ, ನಾನು ಹಿಂದಿನಿಂದ ಅಂಗೈ ಅಂಚಿನಲ್ಲಿ ಅವನ ಕುತ್ತಿಗೆಗೆ ಮೆಲ್ಲಗೆ ಹೊಡೆಯುವೆ, ಅವನು ‘ಅಯ್ಯಪ್ಪಾ ಸತ್ತೆ’ ಎಂದು ಬಿದ್ದು ಹೊಟ್ಟೆ ಹಿಡಿದುಕೊಂಡು ನಗುವ. ಮಕ್ಕಳಿಗೆ ಆಡಲಿಕ್ಕೆ ಬೇರೆ ಏನೂ ಸಿಗಲಿಲ್ಲವೇ ಎಂದು ಈಗ ಅನ್ನಿಸುತ್ತದೆ. ಆಗ ಅದು ಕಥೆ, ಅಷ್ಟೆ.

ಹದಿಮೂರಕ್ಕೆ ನನ್ನನ್ನು ರಾಯದುರ್ಗದ ಕಡೆ, ಇಂಗ್ಲಿಷರ ಸೀಮೆಗೆ ಕೊಟ್ಟರು. ಆ ಮನೆಯಲ್ಲಿ ತೆಲುಗು ಬಿಟ್ಟು ಬೇರೆ ಮಾತಿಲ್ಲ. ಮೊದಲ ವರ್ಷ ಮೂಗಿಯಂತೆ ಇದ್ದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕನಸೂ ತೆಲುಗಿನಲ್ಲೇ ಬೀಳುತ್ತಿತ್ತು. ಆಮೇಲೆ ಪ್ಲೇಗು ಬಂತು, ಗಂಡನನ್ನು ಮೂರು ದಿನದಲ್ಲಿ ತಿಂದಿತು. ಅತ್ತೆಮನೆಯವರು ನನ್ನನ್ನು ಇಟ್ಟುಕೊಳ್ಳಲೂ ಒಲ್ಲರು, ಕಳಿಸಲೂ ಒಲ್ಲರು. ಆಗ ನ್ಯಾಯ ಹೇಳಲು ಬಂದವರೇ ನಾನು ಹೇಳಹೊರಟ ಯಜಮಾನರು.

ಅವರದು ದೇವಸಮುದ್ರದ ಆಚೆಯ ಹಳ್ಳಿ. ದೊಡ್ಡ ಹೊಲಮನೆಯವರು. ಗಡಿಯ ಎರಡೂ ಕಡೆ ಮೂವತ್ತು ನಲವತ್ತು ಹಳ್ಳಿಯ ಜನ ಅವರ ಮಾತನ್ನು ಮೀರುತ್ತಿರಲಿಲ್ಲ. ಅಮಲ್ದಾರರೇ ಅವರನ್ನು ಕರೆಸಿ ‘ಏನ್ಮಾಡೋಣ ಗೌಡರೇ’ ಎಂದು ಕೇಳುತ್ತಿದ್ದರಂತೆ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ನನ್ನ ಅತ್ತೆಮನೆಯ ಪಂಚಾಯಿತಿಯಲ್ಲಿ ಅವರು ನನ್ನ ಕಡೆ ತಿರುಗಿ ತೆಲುಗಿನಲ್ಲೇ ಕೇಳಿದರು: ‘ನಿನಗೇನು ಬೇಕು ತಾಯಿ?’ ನಾನೂ ತೆಲುಗಿನಲ್ಲೇ ‘ತವರಿಗೆ ಹೋಗ್ತೀನಿ’ ಅಂದೆ. ಅಂದೇ ಅವರ ಗಾಡಿಯಲ್ಲೇ ಕಳಿಸಿಕೊಟ್ಟರು. ಆ ಉಪಕಾರವನ್ನು ನಾನು ಮರೆತಿರಲಿಲ್ಲ, ಇವತ್ತಿಗೂ ಮರೆತಿಲ್ಲ.

ಮನೆಗೆ ಬಂದಾಗ ತಮ್ಮನಿಗೆ ಹದಿನಾಲ್ಕು ವರ್ಷ. ಅಜ್ಜಿ ಹೋಗಿದ್ದಳು, ಅಪ್ಪನೂ ಇರಲಿಲ್ಲ. ಅಕ್ಕ ತಮ್ಮ ಇಬ್ಬರೇ. ಅವನು ಕುರಿ ಕಾಯ್ದ, ಕೂಲಿಗೆ ಹೋದ, ನೋಡನೋಡುತ್ತಾ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದ. ಬೇಸಿಗೆಯಲ್ಲಿ ಚಳ್ಳಕೆರೆಯ ಒಬ್ಬ ವ್ಯಾಪಾರಸ್ಥರು ಮೊಳಕಾಲ್ಮೂರಿನ ದಾರಿಯಲ್ಲಿ ಬೇವಿನ ಮರದ ಕೆಳಗೆ ಅರವಟ್ಟಿಗೆ ಇಡುತ್ತಿದ್ದರು. ದಾರಿಹೋಕರಿಗೆ ಧರ್ಮಕ್ಕೆ ನೀರು ಕೊಡುವ ಚಪ್ಪರ ಅದು. ಮೂರು ಬೇಸಿಗೆ ಅಲ್ಲಿ ನೀರು ಕೊಡುವ ಕೆಲಸ ನನ್ನ ತಮ್ಮನದು. ಕೊಡುವಾಗ ಎದುರಿಗೆ ನಿಂತು ಎರಡೂ ಪಾದ ಜೋಡಿಸಿ ಇಡುತ್ತಿದ್ದ. ನಾನೇ ನೋಡಿ ‘ಏನೋ, ಸಿಪಾಯಿ ತರ ನಿಂತ್ಕೊಂತೀಯಲ್ಲೋ’ ಎಂದು ಆಡಿಕೊಂಡಿದ್ದೇನೆ.

ಆದರೆ ಆ ವರ್ಷ ಅವನಿಗೂ ಯಜಮಾನರಿಗೂ ಒಂದು ಮಾತು ಬಂದಿತ್ತು. ಅದನ್ನು ಮುಚ್ಚಿಟ್ಟರೆ ನಾನು ಸುಳ್ಳಿ ಆಗುತ್ತೇನೆ. ಅವನಿಗೆ ಗೊತ್ತು ಮಾಡಿದ್ದ ಹುಡುಗಿಯನ್ನು ಅವಳ ಸೋದರಮಾವ ತನ್ನ ಮಗನಿಗೇ ಬೇಕು ಎಂದು ಹಟ ಹಿಡಿದ. ವಿಷಯ ಯಜಮಾನರ ಮುಂದೆ ಹೋಯಿತು. ‘ಸೋದರಮಾವನ ಹಕ್ಕು ಮೊದಲು’ ಎಂದು ಅವರು ಹೇಳಿಬಿಟ್ಟರು. ತಮ್ಮ ಅಷ್ಟು ಜನರ ಎದುರಿಗೆ ಎದ್ದು ನಿಂತು, ‘ಆಗ್ಲಿ ಗೌಡ್ರೆ, ನಾನೂ ನೋಡ್ಕೊಂತೀನಿ’ ಅಂದ. ಅಂದು ಮನೆಗೆ ಬಂದು ಒಂದು ಹೊತ್ತು ಊಟ ಬಿಟ್ಟ. ಎರಡನೇ ಹೊತ್ತಿಗೆ ಮುದ್ದೆ ನುಂಗಿ ಕೆಲಸಕ್ಕೆ ಹೋದ. ನಾನು ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ.

ಅದಾಗಿ ಒಂದು ತಿಂಗಳಿರಬಹುದು. ಬಿಸಿಲು ನೆತ್ತಿಗೆ ಬಂದಿತ್ತು. ಬುತ್ತಿ ಹೊತ್ತುಕೊಂಡು ಅರವಟ್ಟಿಗೆಗೆ ಹೋದೆ. ದೂರದಿಂದಲೇ ಯಜಮಾನರ ತಟ್ಟು ಕುದುರೆ ಕಾಣಿಸಿತು, ಮರದ ಕೆಳಗೆ ಅಲ್ಲ, ಹೊಲದ ನಡುವೆ ಲಗಾಮು ಎಳೆದಾಡುತ್ತಾ ನಿಂತಿತ್ತು. ಹತ್ತಿರ ಹೋದರೆ ಚಪ್ಪರದ ಹಿಂದೆ ಯಜಮಾನರು ನೆಲದ ಮೇಲೆ. ತಮ್ಮ ಅವರನ್ನು ಎತ್ತಿ ಹಿಡಿದುಕೊಂಡಿದ್ದಾನೆ. ಅವನ ಅಂಗಿ, ಪಂಚೆ, ಕೈ ಎಲ್ಲಾ ರಕ್ತ. ಅಲ್ಲೇ ಅರವಟ್ಟಿಗೆಯ ಮಚ್ಚು ಬಿದ್ದಿದೆ, ಬೇಲಿಯ ಮುಳ್ಳು ಸವರಲು ಇಟ್ಟುಕೊಂಡದ್ದು. ಗಾಯ ಹಿಂದಲೆಯಲ್ಲಿ.

‘ಅಕ್ಕಾ, ನೀರು ಕುಡುದ್ರು ಅಕ್ಕಾ. ಕುಡುದು ಆ ಕಡೀಕ್ ಹೋದ್ರು. ನಾನು ಕೊಡ ತುಂಬಕ್ಕೆ ಬಾವೀಗ್ ಇಳಿದಿದ್ದೆ. ಬಂದು ನೋಡಿದ್ರೆ ಹಿಂಗೆ’ ಅಂದ.

ನಾನು ಕೂತು ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ‘ನೀರು ತಾ, ಓಡು’ ಅಂದೆ. ಅವನು ಚಪ್ಪರಕ್ಕೆ ಓಡಿದ. ಅಷ್ಟರಲ್ಲಿ ಕಂಬಳಿ ಹೇರಿಕೊಂಡು ಚಳ್ಳಕೆರೆಗೆ ಹೊರಟಿದ್ದ ಎರಡು ಗಾಡಿ ಬಂದು ನಿಂತವು. ಗಾಡಿಯವರು ಆಚೆ ಸೀಮೆಯ ತೆಲುಗರು. ಇಬ್ಬರೂ ಇಳಿದು ಓಡಿಬಂದರು. ತಮ್ಮ ಚೊಂಬು ಹಿಡಿದು ವಾಪಸು ಬರುತ್ತಿದ್ದ. ಯಜಮಾನರು ಕಣ್ಣು ಬಿಟ್ಟರು. ಕೈಯನ್ನು ತಮ್ಮನ ಕಡೆ ಒಂದಿಷ್ಟು ಎತ್ತಿದರು. ತುಟಿ ಆಡಿತು. ನಾನು ಬಗ್ಗಿ ಕಿವಿ ಕೊಟ್ಟೆ.

‘ಕೊಟ್ಟ…’

ಅಷ್ಟೇ. ಆ ‘ಟ್ಟ’ ಆದಮೇಲೆ ಇನ್ನೂ ಏನೋ ಬಂತು. ಅದು ಅಕ್ಷರವೋ ಉಸಿರೋ, ಇವತ್ತಿಗೂ ಹೇಳಲಾರೆ. ಆಮೇಲೆ ಕತ್ತು ಹೊರಳಿತು.

ತೆಲುಗು ಬಾರದವರಿಗೆ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಕೊಟ್ಟ ಅಂದರೆ ಕೊಟ್ಟ. ನೀರು ಕೊಟ್ಟ, ಅನ್ನ ಕೊಟ್ಟ. ತೆಲುಗಿನಲ್ಲಿ ಕೊಟ್ಟು ಅಂದರೆ ಹೊಡೆ. ‘ಕೊಟ್ಟಿನಾಡು’ ಅಂದರೆ ಹೊಡೆದ. ಗಡಿಯಲ್ಲಿ ಇದು ದಿನದ ತಮಾಷೆ. ಹೊಸದಾಗಿ ಬಂದ ಸೊಸೆಗೆ ಅತ್ತೆ ‘ಮಗೂಗೆ ಕೊಟ್ಟ್ಯಾ’ ಎಂದು ಕನ್ನಡದಲ್ಲಿ ಹಾಲು ಕೊಟ್ಟೆಯಾ ಎಂದು ಕೇಳಿದರೆ, ಆಚೆ ಕಡೆಯ ಸೊಸೆ ‘ಅಯ್ಯೋ, ನಾನ್ಯಾಕೆ ಹೊಡೀಲಿ’ ಎಂದು ಅಳುತ್ತಾಳೆ, ಮನೆಯೆಲ್ಲ ನಗುತ್ತದೆ. ನನ್ನನ್ನೂ ಹಾಗೆ ನಗಿಸಿದ್ದರು, ನಾನೂ ನಕ್ಕಿದ್ದೆ.

‘ಏಮನ್ನಾರಮ್ಮಾ? ಏಮನ್ನಾರು?’ ಎಂದು ಗಾಡಿಯವನು ನನ್ನ ಭುಜ ಅಲುಗಿಸಿದ. ಏನಂದರು, ಏನಂದರು ಎಂದು ಕೇಳುತ್ತಿದ್ದ.

ಶಿವನೇ, ನನ್ನ ನಾಲಿಗೆ ಆಗಲೇ ಸೀಳಿಹೋಗಬಾರದಿತ್ತೇ. ನನ್ನ ಕಣ್ಣ ಮುಂದೆ ಹಿಂದಲೆಯ ಗಾಯ, ಮಚ್ಚು, ಚೊಂಬು ಹಿಡಿದ ಆಳು. ನಾನು ಚಿಕ್ಕಂದಿನಿಂದ ಸಾವಿರ ಸಲ ಕೇಳಿದ ಕಥೆ ಹಾಗೇ ಎದ್ದು ನಿಂತಿತ್ತು. ಎದುರಿಗಿದ್ದವನು ನನ್ನ ತಮ್ಮ ಅನ್ನುವುದು ಆ ಒಂದು ಗಳಿಗೆ ನನಗೆ ತೋಚಲೇ ಇಲ್ಲ. ತೆಲುಗಿನಲ್ಲಿ ಕೇಳಿದ್ದಕ್ಕೆ ಬಾಯಿ ತಾನಾಗಿ ತೆಲುಗಿನಲ್ಲೇ ಹೇಳಿಬಿಟ್ಟಿತು: ‘ವೀಡೇ ಕೊಟ್ಟಿನಾಡಂಟ.’ ಇವನೇ ಹೊಡೆದನಂತೆ.

ತಮ್ಮನಿಗೆ ಅಷ್ಟು ತೆಲುಗು ಬರುತ್ತಿತ್ತು. ಚೊಂಬು ಕೈಯಲ್ಲೇ ಇತ್ತು. ‘ಅಕ್ಕಾ, ಏನಂದೆ?’ ಅಂದ. ನಾನು ಉತ್ತರ ಕೊಡುವ ಮೊದಲೇ ಗಾಡಿಯವರು ಅವನ ಮೇಲೆ ಬಿದ್ದು, ಕಂಬಳಿ ಕಟ್ಟಿದ್ದ ಹಗ್ಗ ಬಿಚ್ಚಿ ಕೈ ಕಟ್ಟಿದರು. ಆಮೇಲೆ ನಾನು ಕಿರುಚಿದ್ದಕ್ಕೆ ಲೆಕ್ಕವಿಲ್ಲ. ‘ಬಿಡ್ರಿ, ಅಲ್ಲ ಕಣ್ರೋ, ನೀರು ಕೊಟ್ಟ ಅಂದಿದ್ದು, ನೀರು’ ಎಂದು ಅವರ ಕಾಲಿಗೆ ಜೋತುಬಿದ್ದೆ. ಒಬ್ಬ ನನ್ನನ್ನು ತಳ್ಳಿ, ಮೊದಲು ಒಂದು ಹೇಳಿ ಈಗ ಇನ್ನೊಂದು ಹೇಳುತ್ತಾಳೆ, ಒಡಹುಟ್ಟಿದವಳಲ್ಲವೇ ಎಂದು ತನ್ನ ಮಾತಿನಲ್ಲಿ ಬೈದ.

ದಫೇದಾರ್ ಬಂದರು, ಬರೆಯುವವನು ಬಂದ. ನನ್ನನ್ನು ಕೂರಿಸಿಕೊಂಡು ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅವರು ಅಂದದ್ದು ಒಂದೇ ಮಾತು, ನಾನು ಗಾಡಿಯವನಿಗೆ ಹೀಗೆ ಹೇಳಿದೆ, ಅದು ತಪ್ಪು. ಬರೆಯುವವನು ಬೇರೆ ಸೀಮೆಯವನು, ಅವಸರದ ಮನುಷ್ಯ. ‘ಗಾಡಿಯವನಿಗೆ ಹೊಡೆದ ಅಂತ ಹೇಳಿದ್ದು ಹೌದೋ ಅಲ್ವೋ, ಅಷ್ಟು ಹೇಳಮ್ಮ’ ಅಂದ. ‘ಹೌದು, ಆದ್ರೆ…’ ಅಂದೆ. ಆದ್ರೆ ಅನ್ನುವುದನ್ನು ಅವನು ಬರೆದುಕೊಳ್ಳಲಿಲ್ಲ ಅನ್ನುವುದು ಕೋರ್ಟಿನಲ್ಲಿ ಓದಿದಾಗ ಗೊತ್ತಾಯಿತು. ಕಾಗದ ಮುಂದೆ ಹಿಡಿದಾಗ ನನಗೆ ಅದು ಬ್ರಹ್ಮಗಿರಿಯ ಹಳೆಯ ಶಾಸನದ ಬಂಡೆ ಅಕ್ಷರಗುಂಡಿನ ಮೇಲಿನ ಗೀಚಿನಂತೆ ಕಂಡಿತು. ಹೆಬ್ಬೆಟ್ಟು ಒತ್ತಿದೆ. ಥೂ, ನನ್ನ ಬೆರಳೇ!

ಅಂದಿನಿಂದ ಜನರ ಹೋಲಿಕೆ ಶುರುವಾಯಿತು. ಚಳ್ಳಕೆರೆಯ ಸಂತೆಯಲ್ಲಿ ನಾನು ಕಿವಿಯಾರೆ ಕೇಳಿದ್ದೇನೆ. ‘ಅದೇ ಏಟು, ಅದೇ ಜಾಗ, ನೋಡ್ರಿ.’ ‘ಆ ಆಳಿನ ವಂಶದಾಗೆ ಒಬ್ಬ ಉಳಕೊಂಡಿದ್ನಂತೆ, ಅವನ ಪೀಳಿಗೇನೇ ಇವ್ರು.’ ಅಯ್ಯೋ ನಿಮ್ಮ ಬಾಯಿಗೆ ಮಣ್ಣು ಹಾಕ, ನಮ್ಮ ತಾತ ಮುತ್ತಾತಂದಿರು ಯಾರು ಅನ್ನುವುದು ಆ ಸಂತೆಯಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಆದರೂ ಕೇಳಿಸಿಕೊಂಡು ಹೂಂಗುಟ್ಟಿದರು. ಲಾವಣಿ ಹೇಳುವವರು ಹಳೆಯ ದೊರೆಯ ಲಾವಣಿಗೆ ಹೊಸ ಯಜಮಾನರನ್ನು ಸೇರಿಸಿ ಹಾಡತೊಡಗಿದರು. ಕೇಳುವವರಿಗೆ ಯಾವುದು ನೂರಾರು ವರ್ಷದ ಹಿಂದಿನದು, ಯಾವುದು ಹೋದ ತಿಂಗಳಿನದು ಎಂದು ಗೊತ್ತಾಗುತ್ತಿರಲಿಲ್ಲ.

ಹೋಲಿಸುವುದೇ ಆದರೆ ಪೂರ್ತಿ ಹೋಲಿಸಬೇಕಿತ್ತಲ್ಲವೇ? ದೊರೆ ಸತ್ತ ಮರುದಿನ ಗದ್ದುಗೆ ಏರಿದ್ದು ಅವನ ತಮ್ಮ. ನಮ್ಮ ಯಜಮಾನರಿಗೆ ಗಂಡುಮಕ್ಕಳಿರಲಿಲ್ಲ. ಹನ್ನೊಂದು ದಿನ ಕಳೆಯುವ ಮೊದಲೇ ಅವರ ಅಣ್ಣನ ಮಗ ಅವರ ಜಾಗದಲ್ಲಿ ಕೂತು ನ್ಯಾಯ ಹೇಳಲು ಶುರು ಮಾಡಿದ. ದನ ಮೇಯುವ ಕಾವಲಿನ ಹುಲ್ಲಿನ ವಿಚಾರದಲ್ಲಿ ಚಿಕ್ಕಪ್ಪನಿಗೂ ಅವನಿಗೂ ಮಾತುಕತೆ ನಿಂತು ಎರಡು ವರ್ಷವಾಗಿತ್ತು ಅನ್ನುವುದು ಊರಿಗೇ ಗೊತ್ತು. ಈ ಹೋಲಿಕೆಯನ್ನು ಒಬ್ಬನೂ ಮಾಡಲಿಲ್ಲ. ಅವನು ಕೊಂದ ಎಂದು ನಾನು ಹೇಳುತ್ತಿಲ್ಲ, ನಾನು ನೋಡಿಲ್ಲ. ಒಮ್ಮೆ ನೋಡದೆ ಹೇಳಿ ಆಗಿದೆ. ನೀರು ಕೊಟ್ಟವನ ಪಾದವನ್ನೇ ಎಲ್ಲರೂ ನೋಡುತ್ತಿದ್ದರು, ಬೇರೆ ಯಾರ ಪಾದ ಆ ದಾರಿಯಲ್ಲಿ ನಡೆದಿತ್ತು ಎಂದು ಯಾರೂ ಕೇಳಲಿಲ್ಲ. ಹಳೆಯ ನೀರಿನಾಳಿನ ಬಗ್ಗೆಯೂ ನನಗೆ ಆಗಲೇ ಅನುಮಾನ ಹುಟ್ಟಿದ್ದು. ಅವನೂ ಬರೀ ನೀರು ಕೊಟ್ಟು ಸತ್ತನೋ ಏನೋ. ಅವನ ಪರವಾಗಿ ಹೇಳಲು ವಂಶದಲ್ಲಿ ಒಂದು ಜೀವವನ್ನೂ ಉಳಿಸಲಿಲ್ಲ.

ನನಗೆ ಬೇಕಾಗಿದ್ದು ಒಂದೇ. ಆ ಕೊನೆಯ ಮಾತು ಕನ್ನಡದ್ದು ಎಂದು ಯಾರಾದರೂ ಹೇಳಬೇಕು. ಹೇಳಿದರೆ ತಮ್ಮ ಉಳಿಯುತ್ತಾನೆ. ಹೇಳದಿದ್ದರೆ ಗಲ್ಲು.

ಒಂದು ದಿನ ಧೈರ್ಯ ಮಾಡಿ ದೇವಸಮುದ್ರ ದಾಟಿ ಯಜಮಾನರ ಹೆಂಡತಿಯ ಹತ್ತಿರ ಹೋದೆ. ಬಾಗಿಲಲ್ಲೇ ಆಳುಗಳು ತಡೆದರು. ನಾನು ಅಂಗಳದಲ್ಲಿ ಬಿಸಿಲಿಗೆ ಕೂತೆ, ಎದ್ದು ಹೋಗುವುದಿಲ್ಲ ಎಂದು. ಹೊತ್ತು ಇಳಿಯುವಾಗ ಆಕೆಯೇ ಹೊರಗೆ ಬಂದರು. ನನ್ನಂತೆಯೇ ಬರಿ ಹಣೆ. ಒಂದು ಕ್ಷಣ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

‘ಯಾತಕ್ಕೆ ಬಂದಿ?’ ಅಂದರು.

‘ಒಂದೇ ಒಂದು ಮಾತು ಕೇಳ್ಬೇಕ್ರಿ ಅಮ್ಮ. ಗೌಡ್ರು ಕಷ್ಟ ಬಂದಾಗ, ನೋವಾದಾಗ ಯಾವ ಮಾತಾಡ್ತಿದ್ರು? ಕನ್ನಡಾನೋ ತೆಲುಗೋ?’

ಕೋಪ ಮಾಡಿಕೊಂಡು ಹೊರಗೆ ಹಾಕಿಸುತ್ತಾರೆ ಅಂದುಕೊಂಡೆ. ಹಾಗೆ ಮಾಡಲಿಲ್ಲ. ಹೊಸಿಲ ಮೇಲೆ ಕೂತರು.

‘ಮನೇಲಿ ತೆಲುಗೇ. ಹಲ್ಲುನೋವು ಬಂದ್ರೂ ಅಮ್ಮಾ ಅಂತ ತೆಲುಗಿನಾಗೇ ನರಳೋರು. ಆಳುಕಾಳಿನ ಜೊತೆ, ಊರೋರ ಜೊತೆ ಕನ್ನಡ’ ಅಂದರು. ‘ಎದುರಿಗೆ ಯಾರು ಇರ್ತಾರೋ ನೋಡಿ ಅವರ ಮಾತಾಡೋರು. ಅವತ್ತು ಎದುರಿಗೆ ಯಾರಿದ್ರು?’

‘ನಾನು’ ಅಂದೆ.

‘ನಿನ್ ಜೊತೆ ಯಾವ್ದ್ರಾಗೆ ಮಾತಾಡಿದ್ರು ಮೊದ್ಲು?’

ಸುಳ್ಳು ಹೇಳಬಹುದಿತ್ತು. ಆಕೆಯ ಮುಖ ನೋಡಿಕೊಂಡು ಬಾಯಿಗೆ ಸುಳ್ಳು ಬರಲಿಲ್ಲ. ‘ತೆಲುಗು’ ಅಂದೆ. ಆಕೆ ತಲೆ ತಗ್ಗಿಸಿದರು. ‘ಹಂಗಾದ್ರೆ ನಾನೇನು ಹೇಳ್ಲಿ ತಾಯಿ’ ಅಂದರು. ಕುಡಿಯಲು ಮಜ್ಜಿಗೆ ತರಿಸಿದರು. ನಾನು ಕುಡಿಯದೆ ಎದ್ದು ಬಂದೆ. ಎಂಟು ಹರದಾರಿ ನಡೆದದ್ದೇ ತಿಳಿಯಲಿಲ್ಲ.

ಕೋರ್ಟಿನಲ್ಲಿ ಗಾಡಿಯವರಿಬ್ಬರೂ ಬಂದು ‘ಈಯಮ್ಮನೇ ಹೇಳಿದ್ದು’ ಎಂದು ನನ್ನ ಕಡೆ ಬೆರಳು ತೋರಿಸಿದರು. ಅವರು ಸುಳ್ಳು ಹೇಳಲಿಲ್ಲವಲ್ಲ. ಹುಡುಗಿಯ ವಿಷಯದಲ್ಲಿ ತಮ್ಮ ‘ನೋಡ್ಕೊಂತೀನಿ’ ಅಂದದ್ದನ್ನು ನಾಲ್ಕು ಜನ ಬಂದು ಹೇಳಿದರು. ಅದೂ ಸುಳ್ಳಲ್ಲ. ಆಮೇಲೆ ನನ್ನನ್ನು ಕಟಕಟೆಗೆ ಹತ್ತಿಸಿದರು. ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ‘ಸ್ವಾಮಿ, ಅವರು ಕನ್ನಡದಾಗೆ ಕೊಟ್ಟ ಅಂದ್ರು. ನೀರು ಕೊಟ್ಟ ಅಂತ. ನಾನು ತಪ್ಪು ಹೇಳ್ದೆ. ನಮ್ಮ ಕಡೆ ನೀರು ಕೊಡೋರು ಎದುರಿಗೇ ನಿಲ್ತಾರೆ, ಪಾದ ಕಾಣಂಗೆ. ಎದುರಿಗೆ ನಿಂತೋನು ಹಿಂದಲೆಗೆ ಹೆಂಗ್ ಹೊಡೀತಾನೆ?’

ಸರ್ಕಾರದ ವಕೀಲ ನಕ್ಕ. ಪಾದದ ಮಾತಿಗೆ ಕೋರ್ಟೇ ನಕ್ಕಿತು. ವಕೀಲ ಕೆಟ್ಟವನಲ್ಲ, ಮೆತ್ತಗೆ ಕೇಳಿದ.

‘ತಾಯಿ, ನೀನು ಹತ್ತು ವರ್ಷ ತೆಲುಗು ಮನೇಲಿದ್ದೆ. ತೆಲುಗು ಚೆನ್ನಾಗಿ ಬರುತ್ತೆ?’

‘ಬರ್ತೈತೆ.’

‘ಅವರ ಮಾತು ಕೇಳಿದ ಮರುಕ್ಷಣದಲ್ಲಿ, ಯಾರೂ ಹೇಳಿಕೊಡದೆ, ನಿನ್ನ ಮನಸ್ಸಿಗೆ ಬಂದದ್ದು ಹೊಡೆದ ಅಂತಲೇ?’

‘ಹೌದು, ಆದ್ರೆ…’

‘ಆಗ ತಮ್ಮನನ್ನು ಉಳಿಸಬೇಕು ಅನ್ನೋ ಯೋಚನೆ ಇರಲಿಲ್ಲ. ಈಗ ಇದೆ. ಹೌದೋ ಅಲ್ವೋ?’

ನಾನು ಕಟಕಟೆಯ ಮರ ಹಿಡಿದುಕೊಂಡೆ. ನ್ಯಾಯಾಧೀಶರು ನನ್ನನ್ನೇ ನೋಡುತ್ತಿದ್ದರು. ‘ದೇವರ ಮುಂದೆ ಹೇಳಮ್ಮ, ಅದು ಕನ್ನಡವೇ ಅಂತ ನಿನಗೆ ಖಂಡಿತವಾಗಿ ಗೊತ್ತೇ?’ ಎಂದು ಕೇಳಿದರು. ಗೊತ್ತು ಅನ್ನಬೇಕಿತ್ತು. ಅದಕ್ಕೇ ಅಷ್ಟು ದೂರ ನಡೆದು ಬಂದಿದ್ದೆ. ಬಾಯಿ ತೆರೆದೆ. ಆ ‘ಟ್ಟ’ ಆದಮೇಲಿನ ಉಸಿರು ಕಿವಿಯಲ್ಲಿ ಮತ್ತೆ ಬಂತು. ಒಂದು ಗುಟುಕು ಹೊತ್ತು ತಡವರಿಸಿದೆ, ಆಮೇಲೆ ‘ಗೊತ್ತು’ ಅಂದೆ. ಆ ತಡವರಿಕೆಯನ್ನು ಅವರು ನೋಡಿದರು. ಏನನ್ನೋ ಬರೆದುಕೊಂಡರು.

ಗಲ್ಲು ಎಂದು ತೀರ್ಪಾಯಿತು. ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅರ್ಜಿ ಬರೆಸಿದೆ, ಕಂಡ ಕಂಡವರ ಕಾಲು ಹಿಡಿದೆ, ದಾರಿಯಲ್ಲಿ ಹೋಗುವ ಸಾಹೇಬರ ಗಾಡಿಗೆ ಅಡ್ಡ ನಿಂತೆ. ಹುಚ್ಚಿ ಎಂದು ಜನ ಪಕ್ಕಕ್ಕೆ ಎಳೆದರು. ಹುಚ್ಚಿಯೇ ಆಗಿದ್ದೆ. ಕನ್ನಡ ತೆಲುಗು ಎರಡೂ ಬಲ್ಲವರು ಸಿಕ್ಕಿದರೆ ಸಾಕು, ಹಿಡಿದು ನಿಲ್ಲಿಸಿ ‘ಕೊಟ್ಟ… ಕೊಟ್ಟ್…’ ಎಂದು ಅವರಂತೆ ಉಸಿರು ಬಿಟ್ಟು ತೋರಿಸಿ, ‘ಇದು ಯಾವ್ದು ಹೇಳ್ರಿ’ ಎಂದು ಕೇಳುತ್ತಿದ್ದೆ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು. ಕೇಳಿ ಕೇಳಿ, ಹೇಳಿ ಹೇಳಿ, ಕೊನೆಗೆ ಯಜಮಾನರ ದನಿಯೇ ನನ್ನ ಕಿವಿಯಿಂದ ಅಳಿಸಿ ಹೋಗಿ ನನ್ನ ದನಿ ಮಾತ್ರ ಉಳಿಯಿತು. ಅದು ನನಗೆ ಗೊತ್ತಾದ ದಿನ ಬಾವಿಯ ಕಟ್ಟೆಯ ಮೇಲೆ ಕೂತು ಎದೆ ಬಡಿದುಕೊಂಡು ಅತ್ತೆ.

ಕೊನೆಯ ಭೇಟಿಗೆ ಬೆಳಿಗ್ಗೆ ಹೋದೆ. ತಮ್ಮ ಸೊರಗಿದ್ದ. ಕೂದಲು ಕತ್ತರಿಸಿದ್ದರು, ಕಿವಿ ಎದ್ದು ಕಾಣುತ್ತಿದ್ದವು, ಚಿಕ್ಕವನಾಗಿದ್ದಾಗ ಕಾಣುತ್ತಿದ್ದ ಹಾಗೆ. ಕಂಬಿಯ ಆಚೆ ಕೂತ. ‘ಊಟ ಮಾಡಿದ್ಯೇನಕ್ಕಾ’ ಎಂದು ನನ್ನನ್ನೇ ಕೇಳಿದ. ಕುರಿ ಯಾರಿಗೆ ಕೊಟ್ಟೆ, ಮನೆಯ ಮಾಳಿಗೆ ಸೋರುತ್ತಿತ್ತಲ್ಲ, ಮಣ್ಣು ಹಾಕಿಸಿದೆಯಾ ಎಂದೆಲ್ಲ ಕೇಳಿದ. ನಾನು ಹೂಂ, ಹೂಂ ಅನ್ನುತ್ತಿದ್ದೆ. ಆಮೇಲೆ ದನಿ ತಗ್ಗಿಸಿದ.

‘ಅಕ್ಕಾ, ಒಂದು ಹೇಳು. ಅವ್ರು ಕೊಟ್ಟ ಅಂದಿದ್ದು ನೀರು ಕೊಟ್ಟ ಅಂತಾನೇ ತಾನೆ? ನಾನ್ ನೀರು ಕೊಟ್ಟಿದ್ದು ಅವ್ರಿಗೆ ನೆನಪಿತ್ತು ತಾನೆ?’

ಅವನಿಗೆ ಬೇಕಾಗಿದ್ದುದು ಅಷ್ಟೇ. ಹೂಂ ಕಣಪ್ಪಾ ಅಂದಿದ್ದರೆ ಆಗುತ್ತಿತ್ತು. ಕೋರ್ಟಿನಲ್ಲಿ ಸುಳ್ಳೋ ನಿಜವೋ ತಿಳಿಯದೆ ಗೊತ್ತು ಅಂದವಳಿಗೆ, ಅಲ್ಲಿ ಹೂಂ ಅನ್ನಲಿಕ್ಕೆ ಏನಾಗಿತ್ತು? ಎಂಟು ತಿಂಗಳು ಊರೂರು ಅಲೆದು, ಅದೊಂದೇ ಮಾತನ್ನು ತಿರುವಿ ತಿರುವಿ ನನ್ನ ತಲೆ ಕೆಟ್ಟಿತ್ತು. ನನ್ನ ಬಾಯಿಂದ ಬಂದದ್ದು ಬೇರೆ. ಕಂಬಿಗೆ ಮುಖ ಒತ್ತಿ ಪಿಸುಗುಟ್ಟಿದೆ.

‘ನನ್ ಹತ್ರ ಆದ್ರೂ ಹೇಳೋ. ನೀನು ಹೊಡೆದ್ಯೇನೋ?’

ಅವನು ನನ್ನನ್ನು ನೋಡಿದ. ಸಿಟ್ಟಿಲ್ಲ, ಅಳುವಿಲ್ಲ. ಯಾರೋ ದಾರಿ ತಪ್ಪಿ ಬಂದವರನ್ನು ನೋಡುವ ಹಾಗೆ ನೋಡಿದ.

‘ಎಲ್ರೂ ಕೇಳಿದ್ರು ಅಕ್ಕಾ. ನೀನೊಬ್ಳು ಕೇಳಿರ್ಲಿಲ್ಲ’ ಅಂದ.

‘ಅಲ್ಲ ಕಣೋ, ನಾನು…’ ಅಂದೆ. ಅವನು ಆಗಲೇ ಎದ್ದಿದ್ದ. ಹೊಡೆದೆ ಅನ್ನಲಿಲ್ಲ, ಹೊಡೆದಿಲ್ಲ ಅಂತಲೂ ಅನ್ನಲಿಲ್ಲ. ಇನ್ನೂ ಹೊತ್ತಿತ್ತು, ಕಾವಲಿನವನು ಗೋಡೆಗೆ ಒರಗಿ ನಿಂತಿದ್ದ. ತಮ್ಮನೇ ಅವನನ್ನು ಕರೆದು, ‘ಆಯ್ತು ಸ್ವಾಮಿ, ನಮ್ಮಕ್ಕ ಹೊರಟ್ಲು’ ಅಂದ.